ಅರ್ಗಿರಿಸ್ ಆರಾಮಾಗಿದ್ದಾನೆ

ಜಗಳವಾಡುತ್ತ ಹಡಗಿಳಿಯುವ ಗಂಡ ಹೆಂಡಿರನ್ನು ಕಂಡರೆ ನನಗೆ ಚಿಂತೆಯಾಗುವುದಿಲ್ಲ. ಒಂದೆರಡು ದಿನ ಸಮುದ್ರದಲ್ಲಿ ಮಿಂದು, ಹುರಿದ ಮೀನು ತಿಂದು, ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದರೆ ಅಂಥವರು ತಾವಾಗಿಯೇ ಸರಿಹೋಗುತ್ತಾರೆ. ನನಗೆ ಎದೆ ಧಸಕ್ಕೆನ್ನುವುದು ನಗುನಗುತ್ತ ಬಂದು, "ನಾವೇನೂ ಮಾಡೋಕೆ ಬಂದಿಲ್ಲ ಕಿರಾ ಕಲ್ಲಿಯೋಪಿ, ಸುಮ್ನೆ ಆರಾಮಾಗಿರೋಕೆ ಬಂದಿದೀವಿ" ಎನ್ನುವ ಜೋಡಿಯನ್ನು ಕಂಡಾಗ. ಆರಾಮಾಗಿರಲೇಬೇಕೆಂದು ಹಟ ತೊಟ್ಟು ಬಂದವರಷ್ಟು ಕಾಟ ಕೊಡುವವರು ಈ ದ್ವೀಪಕ್ಕೆ ಇನ್ನೊಬ್ಬರು ಬಂದಿಲ್ಲ. ಬಂದರಿನ ಮೇಲಿನ ದಿಬ್ಬದಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟುಕೊಂಡೇ ಮುದುಕಿಯಾದವಳು ನಾನು, ಕಲ್ಲಿಯೋಪಿ; 'ಕಿರಾ' ಅಂದರೆ ನಮ್ಮ ಗ್ರೀಕಿನಲ್ಲಿ ಅಮ್ಮಾವ್ರು ಅಂದ ಹಾಗೆ. ನೋಡಿ ಹೇಳುತ್ತಿದ್ದೇನೆ, ಸುಮ್ಮನೆ ಬಾಯಿಗೆ ಬಂದದ್ದಲ್ಲ.

ಅರ್ಗಿರಿಸ್ ಮತ್ತು ಮೆಲ್ಪೊ ಬಂದದ್ದು ಹಾಗೆ ನಗುನಗುತ್ತಲೇ. ಅವನಿಗೆ ಅಥೆನ್ಸಿನ ಬಂದರು ಪಿರೇಯಸ್ಸಿನಲ್ಲಿ ಯಾವುದೋ ಸರ್ಕಾರಿ ಕಚೇರಿಯಲ್ಲಿ ಒಂದು ಕುರ್ಚಿ. ಆ ಕುರ್ಚಿ ಬಿಟ್ಟರೆ ಆ ಕಚೇರಿಯಲ್ಲಿ ಅವನಿಗೆ ಇನ್ನೇನು ಕೆಲಸವೆಂದು ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಅವಳು ಹಲ್ಲಿನ ಡಾಕ್ಟರು. ಅವನು ನೋಡಲು ಚೆನ್ನಾಗಿದ್ದ, ತುಂಬುಗೂದಲು, ದುಂಡು ಮುಖ, ಚಿಕ್ಕಂದಿನಿಂದ ಯಾರೋ ಹೊತ್ತುಹೊತ್ತಿಗೆ ಉಣಿಸಿ ಬೆಳೆಸಿದ ಮೈ. ಅವಳು ಸಣ್ಣಗೆ, ಚುರುಕಾಗಿ, ಯಾರು ಬಾಯಿ ತೆರೆದರೂ ಒಳಗೆ ಹುಳುಕು ಹುಡುಕುವವಳ ಹಾಗೆ ನೋಡುತ್ತಿದ್ದಳು. ಮದುವೆಯಾಗಿ ಎರಡು ವರ್ಷವಂತೆ.

"ಆರಾಮ್, ಮೆಲ್ಪೊ, ಆರಾಮ್" ಎಂಬುದು ಅವನ ಮಂತ್ರ. ಚೀಲ ಹೊತ್ತು ದಿಬ್ಬ ಹತ್ತುವಾಗ ಅವಳು ಏದುಸಿರು ಬಿಟ್ಟರೆ "ಆರಾಮ್". ಕೋಣೆಯ ನಲ್ಲಿಯಲ್ಲಿ ನೀರು ಕೆಂಪಗೆ ಬಂದರೆ "ಆರಾಮ್". ಚೀಲಗಳನ್ನು ಅವಳೇ ಹೊತ್ತಿದ್ದಳು, ನಲ್ಲಿಯನ್ನು ನಾನು ಸರಿಮಾಡಿಸಿದೆ. ಅವನು ದ್ರಾಕ್ಷಿ ಚಪ್ಪರದ ಕೆಳಗಿನ ನೀಲಿ ಕುರ್ಚಿಯಲ್ಲಿ ಕೂತು ಕಾಲು ಚಾಚಿದ. ಆ ಕುರ್ಚಿ ಮೊದಲು ಕಂದು ಬಣ್ಣದ್ದಾಗಿತ್ತು. ಅಥೆನ್ಸಿನ ಜನಕ್ಕೆ ದ್ವೀಪವೆಂದರೆ ನೀಲಿಯೇ ಆಗಬೇಕೆಂದು ಕುರ್ಚಿ, ಕಿಟಕಿ, ಕೋಳಿಗೂಡು ಎಲ್ಲಕ್ಕೂ ನೀಲಿ ಬಳಿಸಿದ್ದೇನೆ.

ಎರಡನೆಯ ದಿನ ಬೆಳಿಗ್ಗೆ ಅವನು ಇನ್ನೂ ಮಲಗಿದ್ದಾಗ ಮೆಲ್ಪೊ ನನ್ನ ಅಡುಗೆಮನೆಗೆ ಬಂದಳು. ನಾನು ಕಾಫಿಗಿಟ್ಟೆ. ನನಗೆ ಬಾಯಿ ಸುಮ್ಮನಿರುವುದಿಲ್ಲ, ಕೇಳಿಯೇಬಿಟ್ಟೆ.

"ಮಗಳೇ, ಆರಾಮಾಗಿರೋಕೆ ಬಂದೋಳು ಕೋಳಿಗಿಂತ ಮುಂಚೆ ಎದ್ದಿದೀಯಲ್ಲ?"

"ನಿದ್ದೆ ಬಂದ್ರೆ ತಾನೇ?" ಎಂದಳು ಅವಳು. "ಕಿರಾ ಕಲ್ಲಿಯೋಪಿ, ನಿಮಗೆ ಸೊಸೆ ಇದಾಳಾ?"

"ಇದಾಳೆ. ಥೆಸಲೋನಿಕಿಯಲ್ಲಿ. ಅಲ್ಲೇ ಇರ್ಲಿ."

ಅವಳು ಮನಸಾರೆ ನಕ್ಕಳು. ಆಮೇಲೆ ಎಲ್ಲ ಹೇಳಿದಳು. ಅವಳ ಅತ್ತೆ ಎವ್ದೋಕಿಯಾ ಪಿರೇಯಸ್ಸಿನ ಪಕ್ಕದ ನಿಕೇಯಾದಲ್ಲಿರುವ ತನ್ನ ಮನೆಯ ಮೇಲೆ ಮಗ ಸೊಸೆಗೆಂದು ಒಂದು ಮಹಡಿ ಕಟ್ಟಿಸಿದ್ದಾಳೆ. ಇದರಲ್ಲಿ ಹೊಸತೇನಿಲ್ಲ. ನಮ್ಮಲ್ಲಿ ಮನೆ ಕಟ್ಟಿದರೆ ತಾರಸಿಯ ಮೇಲೆ ಕಬ್ಬಿಣದ ಸಲಾಕೆಗಳನ್ನು ಹಾಗೆಯೇ ಆಕಾಶಕ್ಕೆ ಬಿಟ್ಟಿರುತ್ತಾರೆ. ಮಗ ಇನ್ನೂ ತೊಟ್ಟಿಲಲ್ಲಿ ಇರುವಾಗಲೇ ಅವನ ಹೆಂಡತಿ ಎಲ್ಲಿ ಬಟ್ಟೆ ಒಣಹಾಕಬೇಕೆಂಬುದು ಗೊತ್ತಾಗಿರುತ್ತದೆ. ಆದರೆ ಎವ್ದೋಕಿಯಾ ಅಷ್ಟಕ್ಕೆ ನಿಂತಿರಲಿಲ್ಲ. ನೆಲದ ಹಾಸು ಅವಳೇ ಆರಿಸಿದ್ದಾಳೆ, ಪರದೆ ಅವಳೇ ಹೊಲಿಸಿದ್ದಾಳೆ, ಮೆಟ್ಟಿಲಿಗೆ ಬಾಗಿಲಿಟ್ಟಿಲ್ಲ. ಕೆಳಗಿನ ಅಡುಗೆಮನೆಯಿಂದ ಮೇಲಿನ ಅಡುಗೆಮನೆಗೆ ತಟ್ಟೆ ಕಳಿಸಲು ಗೋಡೆಯೊಳಗೆ ಒಂದು ಕಿಂಡಿ, ಅದಕ್ಕೊಂದು ಹಗ್ಗ, ಒಂದು ಬುಟ್ಟಿ.

"ಬುಟ್ಟಿ ಮೇಲೆ ಬಂದ ತಕ್ಷಣ ಗಂಟೆ ಹೊಡೆಯುತ್ತೆ" ಎಂದಳು ಮೆಲ್ಪೊ. "ಗಂಟೆ ಕೂಡ ಇಡಿಸಿದಾರೆ."

"ನೀನು ಬೇಡ ಅಂದಿಲ್ವಾ?"

"ನಾನು ಯಾರು ಬೇಡ ಅನ್ನೋಕೆ? ಕಟ್ಟಿಸಿರೋದು ಅವನ ಅಮ್ಮ, ಹೇಳಬೇಕಾದೋನು ಅವನು. 'ಅಮ್ಮ, ನಾವು ಮೇಲೆ ಬರಲ್ಲ.' ಇಷ್ಟೇ. ಅಲ್ಲಿದ್ರೆ ಅವನಿಗೆ ಹೇಳೋಕಾಗಲ್ವಂತೆ, ಅವರು ದಿನಕ್ಕೆರಡು ಸಲ ಬಂದುಹೋಗ್ತಾರೆ. ಮಧ್ಯೆ ಸ್ವಲ್ಪ ಸಮುದ್ರ ಇದ್ರೆ ಧೈರ್ಯ ಬರುತ್ತೆ, ಫೋನ್ ಮಾಡಿ ಹೇಳ್ಬಿಡ್ತೀನಿ ಅಂದ. ಅದಕ್ಕೇ ಬಂದಿದ್ದು. ಬಾಡಿಗೆ ಮನೆ ಆಗಸ್ಟ್ ಕೊನೆಗೆ ಬಿಡಬೇಕು, ಈಗ ಹೇಳ್ಲಿಲ್ಲಾಂದ್ರೆ ಆಗೋದಿಲ್ಲ."

"ಹೇಳದೇ ಇದ್ರೆ?"

ಅವಳು ಕಾಫಿಯ ತಳದ ಗಸಿಯನ್ನು ನೋಡುತ್ತ ಕೂತಳು. "ಹೇಳದೇ ಇದ್ರೆ ಅವನು ಮೇಲೆ ಹೋಗ್ಲಿ. ನಾನು ಎಲ್ಲಾದ್ರೂ ಇರ್ತೀನಿ. ಅವನಿಗೂ ಹೇಳಿದೀನಿ. 'ಆರಾಮ್, ಮೆಲ್ಪೊ' ಅಂದ."

ನಾನೂ ಒಬ್ಬ ಅತ್ತೆಯೇ; ಒಳಗೊಳಗೆ ಎವ್ದೋಕಿಯಾಳ ಪರವೇ ಇದ್ದೆನೆಂದು ಹೇಳಬೇಕು. ಹೊಟ್ಟೆ ಬಟ್ಟೆ ಕಟ್ಟಿ ಒಂದು ಮಹಡಿ ಎಬ್ಬಿಸಿದರೆ ಸೊಸೆಗೆ ಗಂಟೆಯ ಸದ್ದು ಕಿವಿಗೆ ಚುಚ್ಚುತ್ತದಂತೆ ಎಂದುಕೊಂಡೆ. ಆದರೂ ಹುಡುಗಿಯ ಮುಖ ನೋಡಿ ಪಾಪ ಎನ್ನಿಸಿತು.

ಅರ್ಗಿರಿಸ್ ಧೈರ್ಯ ತಂದುಕೊಳ್ಳಲು ಶುರುಮಾಡಿದ. ಬೆಳಿಗ್ಗೆ ಎದ್ದವನೇ ಫೋನನ್ನು ಮೇಜಿನ ಮೇಲಿಡುತ್ತಿದ್ದ. ಈಜುವುದಕ್ಕೆ ಮುಂಚೆ ಮಾತಾಡಿದರೆ ಮೈ ಬಿಗಿದಿರುತ್ತದೆ, ಆಗುವುದಿಲ್ಲ. ಈಜಿ ಬಂದ ಮೇಲೆ ಹೊಟ್ಟೆ ಹಸಿದಿರುತ್ತದೆ, ಹಸಿದು ಮಾತಾಡಿದರೆ ಮಾತು ಒರಟಾಗುತ್ತದೆ. ಉಂಡ ಮೇಲೆ ಅಮ್ಮ ಮಲಗಿರುತ್ತಾಳೆ, ಮಲಗಿದ ಹೆತ್ತವಳನ್ನು ಎಬ್ಬಿಸಿ ಇಂಥ ಮಾತು ಹೇಳುವುದೇ? ಅವಳು ಏಳುವ ಹೊತ್ತಿಗೆ ಇವನು ಮಲಗಿರುತ್ತಿದ್ದ. ಇವನು ಎದ್ದರೆ ಬಂದರಿನ ಕಾಫಿ ಅಂಗಡಿಯಲ್ಲಿ ಸ್ತಾಥಿಸ್ ತಾವ್ಲಿ ಆಟದ ಹಲಗೆ ಬಿಚ್ಚಿ ದಾಳ ಕುಲುಕುತ್ತ ಕಾಯುತ್ತಿದ್ದ. ಸ್ತಾಥಿಸ್ ಅಂದರೆ ಹಡಗು ಬಂದಾಗ ಹಗ್ಗ ಕಟ್ಟುವವನು, ಉಳಿದ ಹೊತ್ತು ಊರ ಸುದ್ದಿ ಬಿಚ್ಚುವವನು. ಆಟ ಮುಗಿಯುವಾಗ ಸೂರ್ಯ ಮುಳುಗುತ್ತಿರುತ್ತಾನೆ.

"ಇಂಥ ಸಂಜೇಲಿ ಯಾರಾದ್ರೂ ಅಂಥ ಮಾತು ಆಡ್ತಾರಾ ಮೆಲ್ಪೊ? ನೋಡು ಆಕಾಶನಾ!"

ಮೆಲ್ಪೊ ಆಕಾಶ ನೋಡುತ್ತಿದ್ದಳು. ದಿನದಿನಕ್ಕೆ ಅವನು ಹೆಚ್ಚು ಹೆಚ್ಚು ಆರಾಮಾಗುತ್ತ ಹೋದ. ಮೈ ಬಿಸಿಲಿಗೆ ಕಂದುಬಣ್ಣವಾಗಿ ಹೊಳೆಯಿತು, ಹೊಟ್ಟೆ ಮೆತ್ತಗಾಯಿತು, ಮಾತು ನಿಧಾನವಾಯಿತು. ಇಷ್ಟು ಹಾಯಾಗಿರುವ ಗಂಡಸನ್ನು ನಾನು ಹೆಣದ ಪೆಟ್ಟಿಗೆಯಲ್ಲಿ ಮಾತ್ರ ನೋಡಿದ್ದು. ಹೊರಗೆ ಬಂದರೆ ಒಂದು ಮಾತು, ಒಳಗಿದ್ದರೆ ನೋವು. ದಿನವಿಡೀ ಹಲ್ಲು ಕೀಳುವ ಹುಡುಗಿಗೆ ಗಂಡನ ಬಾಯಿಂದ ಅದೊಂದನ್ನು ಕೀಳಲು ಆಗಲಿಲ್ಲ.

ಈ ನಡುವೆ ಹಡಗಿನಲ್ಲಿ ಡಬ್ಬಿಗಳು ಬರತೊಡಗಿದ್ದವು.

ಮೊದಲನೆಯದು ಬಂದ ದಿನ ನಾನೂ ಬಂದರಿನಲ್ಲೇ ಇದ್ದೆ. ನಮ್ಮ ತಾಯಂದಿರು ಮಕ್ಕಳಿಗೆ ಬಸ್ಸಿನಲ್ಲಿ, ಹಡಗಿನಲ್ಲಿ ಅಡುಗೆ ಕಳಿಸುವುದು ಇದ್ದದ್ದೇ. ನಾನೂ ಓದುವ ಮಗನಿಗೆ ಬೇಳೆಸಾರನ್ನು ಹೆಪ್ಪುಗಟ್ಟಿಸಿ ಕಳಿಸಿದವಳು. ಆದರೆ ಅದು ಮಕ್ಕಳು ಪರದೇಶಿಗಳಾಗಿ ಮೊಟ್ಟೆ ಬೇಯಿಸಿಕೊಂಡು ಬದುಕುವಾಗ. ಎರಡು ಹೆಜ್ಜೆಗೊಂದು ಊಟದ ಅಂಗಡಿ ಇರುವ ದ್ವೀಪಕ್ಕೆ, ರಜಕ್ಕೆ ಬಂದ ಗಂಡ ಹೆಂಡತಿಗೆ, ಅನ್ನ ತುಂಬಿದ ಟೊಮೇಟೊ, ಮಾಂಸದ ಉಂಡೆ, ದ್ರಾಕ್ಷಿ ಎಲೆಯ ಸುರುಳಿ! ಹಡಗಿನ ಆಳು ದೊಡ್ಡ ಡಬ್ಬಿಯನ್ನು ಸ್ತಾಥಿಸ್ ಕೈಗೆ ಕೊಟ್ಟ. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ 'ಅರ್ಗಿರಾಕಿಗೆ' ಎಂದಿತ್ತು. ತೊಟ್ಟಿಲಿನ ಹೆಸರು. ಸ್ತಾಥಿಸ್ ಅದನ್ನು ಇಡೀ ಬಂದರಿಗೆ ಕೇಳುವ ಹಾಗೆ ಓದಿದ.

"ಅರ್ಗಿರಾಕಿ ಯಾರಪ್ಪಾ? ಅಮ್ಮ ಮಮ್ಮು ಕಳ್ಸಿದಾರೆ!"

ಅರ್ಗಿರಿಸ್ ನಾಚಲಿಲ್ಲ. ಡಬ್ಬಿ ತೆಗೆದು ಮೂಸಿದ. ಅವನ ಮುಖ ಅರಳಿದ್ದನ್ನು ಮೆಲ್ಪೊ ನೋಡಿದಳು, ನಾನು ಮೆಲ್ಪೊಳನ್ನು ನೋಡಿದೆ.

"ತಿನ್ನದೇ ಇದ್ರೆ ಅಮ್ಮ ಬೇಜಾರು ಮಾಡ್ಕೋತಾಳೆ" ಎಂದ.

"ತಿಂದ್ರೋ ಬಿಟ್ರೋ ಅವರಿಗೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಮೆಲ್ಪೊ. ನಿಂಗೆ ಅಮ್ಮ ಗೊತ್ತಿಲ್ಲ."

ತಿಂದ. ತೊಳೆದ ಡಬ್ಬಿಯನ್ನು ಮಾರನೆಯ ಹಡಗಿಗೆ ಹಾಕಬೇಕಿತ್ತು. ನಮ್ಮಲ್ಲಿ ಡಬ್ಬಿಯನ್ನು, ತಟ್ಟೆಯನ್ನು ಬಂದ ಕಡೆಗೆ ಬರಿದಾಗಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ನಿಂಬೆಹಣ್ಣಾದರೂ ಇಡುತ್ತೇವೆ. ಪಕ್ಕದ ಮನೆಯವಳೊಂದಿಗೆ ಮಾತು ಬಿಟ್ಟು ವರ್ಷಗಳಾಗಿದ್ದರೂ ಅವಳ ತಟ್ಟೆಯಲ್ಲಿ ಒಂದು ಹಿಡಿ ಅಂಜೂರ ಹಾಕಿಯೇ ಗೋಡೆಯ ಮೇಲಿಟ್ಟು ಬಂದಿದ್ದೇನೆ, ಮನಸ್ಸಿನಲ್ಲಿ ಬೈದುಕೊಳ್ಳುತ್ತ. ಖಾಲಿ ಡಬ್ಬಿ ಕಳಿಸುವವರು ಮನುಷ್ಯರ ಲೆಕ್ಕದಲ್ಲಿಲ್ಲ. ಹಾಗಾಗಿ ಅರ್ಗಿರಿಸ್ ನನ್ನ ಹತ್ತಿರ ಕಾಪರಿ ಮೊಗ್ಗಿನ ಉಪ್ಪಿನಕಾಯಿ ಇಸಕೊಂಡು ಡಬ್ಬಿ ತುಂಬಿ ಕಳಿಸಿದ. ಮುಂದಿನ ಹಡಗಿಗೆ ಇನ್ನೊಂದು ಡಬ್ಬಿ ಬಂತು. ಒಣ ಅಂಜೂರ ಹೋಯಿತು. ಮತ್ತೊಂದು ಬಂತು, ಅದಕ್ಕೆ ಮೆಲ್ಪೊಳೇ ಬೇಕರಿಯಿಂದ ಬಾದಾಮಿ ಉಂಡೆ ತಂದು ತುಂಬಿದಳು. ಅದು ಹೋಗಿ ನಾಲ್ಕನೆಯದು ಬಂತು; ಅದನ್ನು ತೊಳೆದು ಏನು ತುಂಬಲೆಂದು ಹುಡುಕುವಾಗ ಅವಳಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆಯಿತು. ಮುಚ್ಚಳದ ಮೇಲೆ ಕೈಯಿಟ್ಟು ಹಾಗೆಯೇ ನಿಂತಳು.

"ನಾವು ಆಗಲೇ ಮೇಲಿನ ಮಹಡೀಲಿದೀವಿ" ಎಂದಳು. "ಕಿಂಡಿ ಸ್ವಲ್ಪ ಉದ್ದ ಆಗಿದೆ, ಅಷ್ಟೇ. ಅರ್ಗಿರಿಸ್, ಇವತ್ತು ಫೋನ್ ಮಾಡ್ತೀಯ. ಈಗಲೇ. ನನ್ನೆದುರಿಗೆ."

ಅವನು ನೀಲಿ ಕುರ್ಚಿಯಲ್ಲಿ ನೆಟ್ಟಗೆ ಕೂತ. ಫೋನ್ ಕೈಗೆ ತಗೊಂಡ, ಇಟ್ಟ, ಮತ್ತೆ ತಗೊಂಡ. ನಾನು ಚಪ್ಪರದ ಆಚೆ ಬೀನ್ಸ್ ನಾರು ತೆಗೆಯುತ್ತ ಕೂತಿದ್ದೆ. ಎದ್ದು ಹೋಗಬಹುದಿತ್ತು, ಹೋಗಲಿಲ್ಲ.

"ಮೆಲ್ಪೊ, ಒಂದು ಐಡಿಯಾ" ಎಂದ. ಮುಖ ಬೆಳಗಿತು. "ಫೋನಲ್ಲಿ ಹೇಳಿದ್ರೆ ಅಮ್ಮ ಅಳ್ತಾಳೆ. ಅತ್ತರೆ ನಂಗೆ ಮಾತು ನಿಂತೋಗುತ್ತೆ. ಅದರ ಬದ್ಲು ನಾಳೆ ಡಬ್ಬಿ ಖಾಲಿ ಕಳ್ಸೋಣ."

"ಖಾಲಿ?"

"ಖಾಲಿ. ತೊಳೆದು, ಒರೆಸಿ, ಮುಚ್ಚಳ ಹಾಕಿ, ಒಳಗೆ ಏನೂ ಇಲ್ಲದೇ. ನಮ್ಮ ವಂಶದಲ್ಲೇ ಯಾರೂ ಕಳ್ಸಿಲ್ಲ. ಅಮ್ಮ ತೆರೀತಾಳೆ, ನೋಡ್ತಾಳೆ, ಅರ್ಥ ಆಗುತ್ತೆ. ಓಹೋ, ಇವರಿಗೆ ಬೇಡ, ಸಾಕು ಅಂತಿದಾರೆ ಅಂತ. ಆಮೇಲೆ ಮಹಡಿ ವಿಷಯ ನಾನು ಎತ್ತೋದೇ ಬೇಡ."

ನನ್ನ ಕೈಯಿಂದ ಬೀನ್ಸ್ ಜಾರಿತು. "ಅಯ್ಯೋ ನಿನ್ನ! ಹೆತ್ತವಳಿಗೆ ಖಾಲಿ ಡಬ್ಬಿ ಕಳಿಸ್ತೀಯೇನೋ? ಅದಕ್ಕಿಂತ ಹೋಗಿ ಒಂದು ಕಪಾಳಕ್ಕೆ ಹೊಡೆದು ಬಾ. ಬಾಯಿ ಬಿಟ್ಟು ಒಂದು ಮಾತು ಹೇಳೋಕೇನು ದಾಡಿ ನಿಂಗೆ?"

"ಕಿರಾ ಕಲ್ಲಿಯೋಪಿ, ಆರಾಮ್" ಎಂದ ಅವನು.

ಒಂದು ವಾಕ್ಯ ಕೇಳಿದ್ದಕ್ಕೆ ಒಂದು ಡಬ್ಬಿ ಸಿಗುತ್ತಿದೆ ಎಂದು ಮೆಲ್ಪೊಗೂ ಗೊತ್ತಿತ್ತು. ಆದರೆ ಇವನಿಂದ ಇಷ್ಟಾದರೂ ಬರುತ್ತಿದೆಯಲ್ಲ ಎಂದುಕೊಂಡಿರಬೇಕು. ಪ್ರೀತಿಸಿ ಮದುವೆಯಾದ ಹೆಂಗಸರು ಹೀಗೆಯೇ, ಸಿಕ್ಕಿದ ಚೂರನ್ನೇ ಇಡೀ ರೊಟ್ಟಿ ಎಂದುಕೊಳ್ಳುತ್ತಾರೆ.

"ಸರಿ" ಎಂದಳು. "ಆದ್ರೆ ನೀನೇ ಕೊಡ್ಬೇಕು. ನಿನ್ನ ಕೈಯಾರೆ. ಅವರು ಕೇಳಿದ್ರೆ, ಹೌದು ನಾನೇ ಖಾಲಿ ಕಳ್ಸಿದ್ದು ಅಂತ ಹೇಳ್ಬೇಕು."

"ಖಂಡಿತ. ಕೇಳ್ಲಿ, ಹೇಳ್ತೀನಿ."

ಮಾರನೆಯ ದಿನ ಗಾಳಿ ಜೋರಾಗಿತ್ತು, ಹಡಗು ಕಟ್ಟೆಗೆ ತಾಗಲು ಒದ್ದಾಡುತ್ತಿತ್ತು. ನಾನು ತಡೆಯಲಾರದೆ ಹಿಂದೆಯೇ ಹೋದೆ, ಮಡಿಲಲ್ಲಿ ಒಂದು ಸೀಸೆ ಕಾಪರಿ ಕಟ್ಟಿಕೊಂಡು. "ಒಂದು ಹಿಡಿ ಹಾಕೋ, ಒಂದೇ ಹಿಡಿ" ಎಂದು ಗೋಗರೆದೆ. ಮೆಲ್ಪೊ ನನ್ನ ಕೈ ಹಿಡಿದುಕೊಂಡಳು, ಮೆಲ್ಲಗೆ, ಆದರೆ ಬಿಡಲಿಲ್ಲ. ಅರ್ಗಿರಿಸ್ ಡಬ್ಬಿಯನ್ನು ಸ್ತಾಥಿಸ್‌ಗೆ ಕೊಟ್ಟ. ಸ್ತಾಥಿಸ್ ತೂಗಿ ನೋಡಿದ, ಕಿವಿಯ ಹತ್ತಿರ ಕುಲುಕಿದ.

"ಏನೋ ಮರ್ತಿದೀಯ."

"ಇಲ್ಲ."

"ಖಾಲಿ ಇದೆಯಲ್ಲೋ!"

"ಖಾಲಿನೇ."

ಸ್ತಾಥಿಸ್ ನನ್ನ ಕಡೆ ನೋಡಿದ. ನಾನು ಸಮುದ್ರ ನೋಡಿದೆ. ಅವನು ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಸಾಗಿಸುವ ಹಾಗೆ ಹಡಗಿನ ಆಳಿಗೆ ದಾಟಿಸಿದ.

ಆವತ್ತು ಸಂಜೆ ಅರ್ಗಿರಿಸ್ ಯುದ್ಧ ಗೆದ್ದು ಬಂದವನ ಹಾಗಿದ್ದ. ಸುಟ್ಟ ಆಕ್ಟೋಪಸ್ ತರಿಸಿದ, ರಾಕಿ ಸಾರಾಯಿ ತರಿಸಿದ, ಪಕ್ಕದ ಮೇಜಿನವರಿಗೂ ಕುಡಿಸಿದ. "ಹೇಳ್ಬಿಟ್ಟೆ ನೋಡು! ಕೊನೆಗೂ ಹೇಳ್ಬಿಟ್ಟೆ!" ಎಂದು ಮೇಜು ಗುದ್ದಿದ. ಏನು ಹೇಳಿದನೋ, ಯಾರಿಗೆ ಹೇಳಿದನೋ. ಆದರೆ ಮೆಲ್ಪೊ ನಕ್ಕಳು. ಅವನ ಕೂದಲಲ್ಲಿ ಕೈಯಾಡಿಸಿದಳು. ಮುಂದಿನ ಎರಡು ದಿನ ಅವರು ಚೆನ್ನಾಗಿದ್ದರು. ನಾನು ಸುಳ್ಳು ಹೇಳುವುದಿಲ್ಲ, ನೋಡಲು ಸೊಗಸಾಗಿತ್ತು. ಬಂಡೆಯ ಮೇಲಿಂದ ಕೈ ಕೈ ಹಿಡಿದು ನೀರಿಗೆ ಹಾರುತ್ತಿದ್ದರು. ಅವಳು ಬೆಳಿಗ್ಗೆ ತಡವಾಗಿ ಏಳತೊಡಗಿದಳು. ಒಂದು ಮಧ್ಯಾಹ್ನ ಅವಳು ಚಪ್ಪರದಡಿ ಬಾಯಿ ತೆರೆದು ಗೊರಕೆ ಹೊಡೆದದ್ದನ್ನು ಕೇಳಿ ನನಗೇ ಸಮಾಧಾನವಾಯಿತು.

ನಿಕೇಯಾದಿಂದ ಡಬ್ಬಿ ಬರಲಿಲ್ಲ. ಫೋನೂ ಬರಲಿಲ್ಲ. ಮೆಲ್ಪೊ ಅದನ್ನು ಗೆಲುವೆಂದುಕೊಂಡಳು. ಅರ್ಗಿರಿಸ್ ಮಾತ್ರ ಹಡಗಿನ ಕೂಗು ಕೇಳಿದೊಡನೆ ಕುರ್ಚಿಯಿಂದ ಅರ್ಧ ಏಳುತ್ತಿದ್ದ. "ಅಮ್ಮಂಗೆ ಹುಷಾರಿಲ್ವೇನೋ. ಒಂದ್ ಸಲ ಫೋನ್ ಮಾಡಿ ಕೇಳ್ಲಾ? ಬರೀ ಹುಷಾರಾಗಿದಾಳಾ ಅಂತ" ಎನ್ನುತ್ತಿದ್ದ. "ಮಾಡು" ಎನ್ನುತ್ತಿದ್ದಳು ಮೆಲ್ಪೊ. "ಹಂಗೇ ಆ ಮಾತೂ ಹೇಳ್ಬಿಡು." ಅವನು ಮತ್ತೆ ಕೂರುತ್ತಿದ್ದ.

ಆಮೇಲಿನ ಹಡಗಿನಲ್ಲಿ ಎವ್ದೋಕಿಯಾಳೇ ಬಂದಳು.

ನಾನು ಕಿಟಕಿಯಿಂದ ನೋಡಿದೆ. ದಿಬ್ಬದ ಮೆಟ್ಟಿಲಲ್ಲಿ ಕಪ್ಪು ಬಟ್ಟೆಯ ಗುಂಡನೆಯ ಹೆಂಗಸು, ಎರಡು ಕೈಯಲ್ಲಿ ಎರಡು ಚೀಲ, ಹಿಂದೆ ಸ್ತಾಥಿಸ್, ಅವನ ಹೆಗಲ ಮೇಲೆ ಒಂದು ತಂಪುಪೆಟ್ಟಿಗೆ, ಕಂಕುಳಲ್ಲಿ ಒಂದು ಪಾತ್ರೆ. ಯಾರೂ ಹೇಳದೆಯೇ ನನಗೆ ಗೊತ್ತಾಯಿತು. ಅಂಗಳದಲ್ಲಿ ಗಂಡ ಹೆಂಡತಿ ಕಲ್ಲಂಗಡಿ ತಿನ್ನುತ್ತಿದ್ದರು. ಎವ್ದೋಕಿಯಾ ಚೀಲಗಳನ್ನು ನೆಲಕ್ಕೆ ಬಿಟ್ಟು ಮಗನ ಮುಖವನ್ನು ಎರಡು ಅಂಗೈಯಲ್ಲಿ ಹಿಡಿದಳು, ಕಣ್ಣುರೆಪ್ಪೆ ಎಳೆದು ನೋಡಿದಳು, ಹಣೆ ಮುಟ್ಟಿದಳು.

"ಜ್ವರ ಇಲ್ಲ" ಎಂದಳು. "ದೇವರ ತಾಯೇ, ಜ್ವರ ಇಲ್ಲ. ನನ್ನ ಚಿನ್ನ, ಏನಾಯ್ತೋ ನಿಂಗೆ?"

"ಏನಾಗಿಲ್ಲ ಅಮ್ಮ. ಯಾಕ್ ಬಂದೆ?"

"ಯಾಕ್ ಬಂದೆ ಅಂತಾನೆ! ಡಬ್ಬಿ ಖಾಲಿ ಬಂತು! ತೆರೆದೆ, ಒಳಗೆ ಏನೂ ಇಲ್ಲ, ಒಂದು ನಿಂಬೆಹಣ್ಣೂ ಇಲ್ಲ. ನನ್ನ ಎದೆ ಒಡೆದುಹೋಯ್ತು. ಮಗು ಹಾಸಿಗೆ ಹಿಡಿದಿರಬೇಕು, ಇಲ್ಲಾ ಅಲ್ಲಿ ತಿನ್ನೋಕೆ ಏನೂ ಸಿಕ್ತಿಲ್ಲ, ಇದ್ದಬದ್ದದ್ದೆಲ್ಲ ನೆಕ್ಕಿಬಿಟ್ಟಿದೆ ಅಂದ್ಕೊಂಡೆ. ಫೋನ್ ಮಾಡಿದ್ರೆ ನಿಜ ಹೇಳ್ತಾನಾ? ಅಮ್ಮಂಗೆ ಬೇಜಾರಾಗುತ್ತೆ ಅಂತ ಸುಮ್ನಿರ್ತಾನೆ. ಎರಡು ದಿನ ಒಲೆ ಮುಂದೆ ನಿಂತು ಇದನ್ನೆಲ್ಲ ಮಾಡಿಕೊಂಡು ಬಂದೆ."

ಖಾಲಿ ಡಬ್ಬಿಯ ಅರ್ಥ ಅದು! ಬೇಡ ಎಂಬ ಮಾತು ಸಮುದ್ರ ದಾಟಿ ಇನ್ನೂ ಬೇಕು ಎಂದಾಗಿತ್ತು. ನನಗೆ ನಗು ಬಂತು, ಜೊತೆಗೆ ಆ ಹೆಂಗಸಿನ ಊದಿದ ಕಾಲು ನೋಡಿ ಸಂಕಟವೂ ಆಯಿತು. ಕುರ್ಚಿ ತಂದುಕೊಟ್ಟೆ, ನೀರು ಕೊಟ್ಟೆ. ಅವಳು ಕೂರುವ ಮೊದಲೇ ಪಾತ್ರೆಯ ಮುಚ್ಚಳ ತೆಗೆದು ಮಗನ ಕೈಗೆ ಫೋರ್ಕ್ ಕೊಟ್ಟಳು. ಅವನು ತಿನ್ನತೊಡಗಿದ. ಕಲ್ಲಂಗಡಿ ತಿಂದ ಬಾಯಲ್ಲೇ.

ಮೆಲ್ಪೊ ಚಾಕು ಕೆಳಗಿಟ್ಟಳು. "ಅರ್ಗಿರಿಸ್" ಎಂದಳು, ದನಿ ಎತ್ತದೆ. "ಡಬ್ಬಿ ಯಾಕೆ ಖಾಲಿ ಬಂತು ಅಂತ ಅಮ್ಮ ಕೇಳ್ತಿದಾರೆ. ಹೇಳು."

ಅವನು ಅಗಿದ. ನುಂಗಿದ. ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ, ನನ್ನನ್ನೂ ನೋಡಿದ, ನಾನೇನೋ ಉತ್ತರ ಹಿಡಿದು ನಿಂತಿರುವವಳ ಹಾಗೆ. ಆಮೇಲೆ ಪಾತ್ರೆಯೊಳಗೆ ನೋಡುತ್ತ ಹೇಳಿದ.

"ಮೆಲ್ಪೊ ಹಾಕೋಕೆ ಮರೆತ್ಲು ಅಮ್ಮ."

ನನ್ನ ಅಂಗಳದಲ್ಲಿ ನಾನು ಬಹಳ ಕಂಡಿದ್ದೇನೆ. ಹೆಂಡತಿಯ ಮೇಲೆ ಕೈ ಮಾಡಿದವನನ್ನು ಪೊರಕೆಯಿಂದ ಓಡಿಸಿದ್ದೇನೆ. ಆದರೆ ಆ ಕ್ಷಣ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಮೆಲ್ಪೊ ಮಾತ್ರ ಸಿಟ್ಟಾಗಲಿಲ್ಲ. ಅವಳ ಮುಖದ ಬಣ್ಣ ಒಮ್ಮೆಗೇ ಇಳಿಯಿತು, ಅಷ್ಟೇ.

ಎವ್ದೋಕಿಯಾ ದೊಡ್ಡ ಮನಸ್ಸಿನವಳು; ಸೊಸೆಯ ಮೊಣಕಾಲು ತಟ್ಟಿದಳು. "ಹೋಗ್ಲಿ ಬಿಡು ಸೊಸೆ. ಕೆಲಸಕ್ಕೆ ಹೋಗೋ ಹುಡುಗಿ, ನಿನ್ನ ತಾಯಿ ಹೇಳಿಕೊಟ್ಟಿರಲ್ಲ. ಮೇಲೆ ಬಂದ ಮೇಲೆ ನಾನು ಎಲ್ಲಾ ಹೇಳಿಕೊಡ್ತೀನಿ. ಬೇಕಾದಷ್ಟು ಟೈಮ್ ಇರುತ್ತೆ."

"ಅತ್ತೆ, ನಾನು ಮರೀಲಿಲ್ಲ" ಎಂದಳು ಮೆಲ್ಪೊ. "ನಿಮ್ಮ ಮಗನೇ ಖಾಲಿ ಕಳ್ಸಿದ್ದು. ಮೇಲಿನ ಮಹಡಿಗೆ ನಾವು ಬರಲ್ಲ ಅಂತ ಬಾಯಲ್ಲಿ ಹೇಳೋಕೆ ಆಗದೇ ಡಬ್ಬೀಲಿ ಹೇಳಿದ್ದು. ಈಗ ನಾನು ಬಾಯಲ್ಲೇ ಹೇಳ್ತೀನಿ. ಅವನು ಬರ್ತಾನೆ. ಕರ್ಕೊಂಡು ಹೋಗಿ. ನಾನು ಬರಲ್ಲ. ಅಲ್ಲಿಗೂ ಬರಲ್ಲ, ಅವನ ಜೊತೆ ಇನ್ನೆಲ್ಲಿಗೂ ಬರಲ್ಲ."

ಸ್ತಾಥಿಸ್ ತಂಪುಪೆಟ್ಟಿಗೆಯನ್ನು ಇಳಿಸುವುದೋ ಬಿಡುವುದೋ ತಿಳಿಯದೆ ಹೊತ್ತೇ ನಿಂತಿದ್ದ. ಎವ್ದೋಕಿಯಾ ಈಗ ಎದೆ ಬಡಿದುಕೊಳ್ಳುತ್ತಾಳೆ, ಸೊಸೆಯ ಏಳು ತಲೆಮಾರನ್ನು ಜಾಲಾಡುತ್ತಾಳೆ ಎಂದು ನಾನು ಕಾದೆ. ಶುರುವೂ ಮಾಡಿದಳು. ಹಾವು ಎಂದಳು, ಮನೆಮುರುಕಿ ಎಂದಳು, ಬಾದಾಮಿ ಉಂಡೆ ಕಳಿಸಿದಾಗ ಒಳ್ಳೆಯವಳಾಗುತ್ತಿದ್ದಾಳೆ ಎಂದು ನೆರೆಹೊರೆಗೆಲ್ಲ ಹಂಚಿ ಹೇಳಿಕೊಂಡು ಬಂದೆನಲ್ಲ ಎಂದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಬೈಯುವುದನ್ನು ನಿಲ್ಲಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಮಗಳೇ" ಎಂದಳು. ಸೊಸೆ ಎನ್ನಲಿಲ್ಲ. "ನನಗೆ ವಯಸ್ಸಾಯ್ತು. ಕಾಲು ನೋಡು. ಬೆಳಗಾದ್ರೆ ಒಲೆ, ಸಂಜೆಯಾದ್ರೆ ಇಸ್ತ್ರಿ. ನೀವು ಬಾಡಿಗೆ ಮನೇಲಿರೋವಾಗ್ಲೂ ಇವನ ಅಂಗಿ ನಂಗೇ ಬರುತ್ತೆ, ನಿಂಗೆ ಗೊತ್ತಾ? ಕಚೇರಿಯಿಂದ ಸೀದಾ ನನ್ನ ಹತ್ರ ಬಂದು ಉಂಡು ನಿನ್ನ ಹತ್ರ ಬರ್ತಾನೆ. ಇನ್ನೆಷ್ಟು ದಿನ ನಾನೊಬ್ಬಳೇ ಇವನನ್ನ ನೋಡ್ಕೊಳ್ಲಿ? ನಿನ್ನ ಕೈಗೆ ಒಪ್ಪಿಸಿಬಿಡೋಣ, ಪಕ್ಕದಲ್ಲೇ ಇದ್ದು ಕಲಿಸಿಕೊಡೋಣ ಅಂತಲೇ ಮೇಲೆ ಕಟ್ಟಿಸಿದ್ದು."

"ಗೊತ್ತು ಅತ್ತೆ" ಎಂದಳು ಮೆಲ್ಪೊ. "ಅದಕ್ಕೇ ಬರಲ್ಲ."

ಎವ್ದೋಕಿಯಾ ತನ್ನ ಊದಿದ ಕಾಲನ್ನು ನೀವಿಕೊಂಡಳು. ನಾನೂ ಅತ್ತೆಯೇ ಎಂದೆನಲ್ಲ. ಆದರೆ ಆ ಹೊತ್ತಿಗೆ ನನಗೆ ಅವಳ ಪರವಾಗಿ ಒಂದು ಮಾತು ಸಿಗಲಿಲ್ಲ. ಸಿಕ್ಕಿದ್ದರೆ ಆಡುತ್ತಿದ್ದೆ.

"ನನ್ನ ವಿಷಯ ನನ್ನನ್ನೇ ಯಾರೂ ಕೇಳ್ತಿಲ್ಲ" ಎಂದ ಅರ್ಗಿರಿಸ್.

ದನಿಯಲ್ಲಿ ನಿಜವಾದ ನೋವಿತ್ತು. ಇಬ್ಬರು ಹೆಂಗಸರೂ ಒಟ್ಟಿಗೆ ಅವನ ಕಡೆ ತಿರುಗಿದರು. ನಾನೂ ತಿರುಗಿದೆ. ಮೆಲ್ಪೊಳ ಕಣ್ಣಲ್ಲಿ, ನಾನು ಹತ್ತಿರದಲ್ಲೇ ಇದ್ದೆ, ನೋಡಿದೆ, ಇನ್ನೂ ಏನೋ ಒಂದು ಉಳಿದಿತ್ತು. ಈಗಲೂ ಅವನು ಒಂದು ಮಾತು ಆಡಿದ್ದರೆ, ತಪ್ಪಾದ ಮಾತಾದರೂ ಸರಿ, ಯಾರ ಪರವಾದರೂ ಸರಿ, ಅವಳು ಬಹುಶಃ ಕೇಳಿಸಿಕೊಳ್ಳುತ್ತಿದ್ದಳು.

"ಕೇಳ್ತಿದೀವಿ" ಎಂದಳು ಅವಳು. "ಹೇಳು."

ಅವನು ಫೋರ್ಕನ್ನು ಪಾತ್ರೆಯ ಅಂಚಿಗೆ ಒರಗಿಸಿದ. ಬಾಯಿ ಒರೆಸಿಕೊಂಡ. ಬಂದರಿನ ಕಡೆ ನೋಡಿ ಗಂಟಲು ಸರಿಮಾಡಿಕೊಂಡ.

"ಸಂಜೆ ಹಡಗು ದೊಡ್ಡದಾ, ಚಿಕ್ಕದಾ?" ಎಂದು ಕೇಳಿದ. "ಚಿಕ್ಕದಾದ್ರೆ ಈ ಗಾಳೀಲಿ ನಂಗೆ ವಾಂತಿ ಬರುತ್ತೆ."

ಸ್ತಾಥಿಸ್ "ಚಿಕ್ಕ..." ಎಂದು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ದೊಡ್ಡದು" ಎಂದಳು ಮೆಲ್ಪೊ, ಮತ್ತು ಉಳಿದ ಕಲ್ಲಂಗಡಿಯನ್ನು ತನ್ನ ಕಡೆಗೆ ಎಳೆದುಕೊಂಡಳು.